ಆರು ಶೀಸೆ ದ್ರಾಕ್ಷಾರಸ ಮತ್ತು 22 ಚೀಲ ಕಾಫಿ

ಅಡಿಕೆ ತೋಟದ ಬಸಿಗಾಲುವೆಗಳ ಬಗ್ಗೆ ಈ ಸಂಚಿಕೆಯಲ್ಲಿ ಬರೆಯುವುದಾಗಿ ಸದಸ್ಯರಿಗೆ ಮಾತು ಕೊಟ್ಟಿದ್ದೆವು. ಆ ಲೇಖನ ಮುಂದಿನ ಸಂಚಿಕೆಯಲ್ಲಿ ಬರಲಿದೆ. ಅರೇಬಿಕಾ ಕೊಯ್ಲಿಗೆ ಇನ್ನು ಕೆಲವೇ ವಾರಗಳಿರುವ ಈ ಹೊತ್ತಿನಲ್ಲಿ ಅದಕ್ಕಿಂತ ಜರೂರಾದ ಒಂದು ವಿಷಯವನ್ನು ಸದಸ್ಯರ ಮುಂದಿಡಬೇಕಾಗಿದೆ. ವಿಷಯ ಕಾಫಿಯದೇ. ಆದರೆ ನಮಗೆ ಅದು ತಿಳಿದುಬಂದದ್ದು ದ್ರಾಕ್ಷಾರಸದ, ಅಂದರೆ ವೈನಿನ, ಶೀಸೆಗಳ ಮೂಲಕ. ಆದ್ದರಿಂದ ಲೇಖನದ ಬಹುಪಾಲು ವೈನಿನ ರುಚಿಯ ಬಗ್ಗೆಯೇ ಇದೆ. ಸದಸ್ಯರು ತಾಳ್ಮೆಯಿಂದ ಕೊನೆಯವರೆಗೆ ಓದಬೇಕೆಂದು ಕೋರುತ್ತೇವೆ.

"ಸೆಕ್ರೆಟರಿಗಳಿಗೆ ಈ ವಯಸ್ಸಿನಲ್ಲಿ ಇದೇನು ಹೊಸ ಶೋಕಿ" ಎಂದು ಕೆಲವರು ನಗಬಹುದು. ಮೊದಲೇ ಹೇಳಿಬಿಡುತ್ತೇವೆ: ಕುಡಿಯಿರಿ ಎಂದು ಹೇಳುವ ಲೇಖನ ಇದಲ್ಲ. ರುಚಿ ನೋಡುವ ವೃತ್ತಿಯವರು ಗುಟುಕನ್ನು ಬಾಯಲ್ಲಿ ಆಡಿಸಿ ಉಗುಳಿಬಿಡುತ್ತಾರೆ. ಕಾಫಿಯ ರುಚಿ ನೋಡುವವರೂ ಹಾಗೆಯೇ. ನಾವೂ ಉಗುಳಿದೆವು. (ಒಂದು ಶೀಸೆಯ ವಿಷಯದಲ್ಲಿ ಮಾತ್ರ ಉಗುಳಲು ಮರೆತೆವು, ಅದನ್ನು ಮುಂದೆ ಒಪ್ಪಿಕೊಳ್ಳುತ್ತೇವೆ.) ಅಲ್ಲದೆ ನಮ್ಮಲ್ಲಿ ಎಷ್ಟೋ ಮನೆಗಳ ಕಪಾಟಿನಲ್ಲಿ ದ್ರಾಕ್ಷಾರಿಷ್ಟದ ಶೀಸೆ ಇದ್ದೇ ಇರುತ್ತದೆ. ಅದರಲ್ಲಿ ತಾನಾಗಿ ಉತ್ಪತ್ತಿಯಾದ ಮದ್ಯಸಾರ ಇದೆಯೆಂದು ಚೀಟಿಯ ಮೇಲೇ ಅಚ್ಚು ಹಾಕಿರುತ್ತಾರೆ. ಹುದುಗು ಬಂದ ದ್ರಾಕ್ಷಿ ನಮ್ಮ ಅಜ್ಜಿಯಂದಿರಿಗೂ ಅಪರಿಚಿತವಲ್ಲ.

ದ್ರಾಕ್ಷಿಯ ಸೀಮೆಗೆ ನಾವು ಇನ್ನೊಂದು ಋಣವನ್ನೂ ಹೊತ್ತಿದ್ದೇವೆ. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಆ ಹೆಸರು ಬಂದದ್ದು ಫ್ರಾನ್ಸಿನ ವೈನ್ ಪ್ರಾಂತ್ಯವಾದ ಬೋರ್ಡೋದಿಂದ. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಅಲ್ಲಿಯ ರೈತರು ಮೈಲುತುತ್ತ ಮತ್ತು ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ತಗಲದಿದ್ದುದನ್ನು ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದರು. ಅದೇ ಮದ್ದನ್ನು ನಮ್ಮ ಕೊಳೆರೋಗಕ್ಕೆ ಒಗ್ಗಿಸಿದವರು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕ್ಷೇತ್ರ ಆರಂಭವಾದಾಗ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದವರೂ ಅವರೇ.

ಹೋದ ವರ್ಷ ಆದದ್ದು

ಪೂಲ್ ಪದ್ಧತಿ ಇದ್ದ ಕಾಲದಲ್ಲಿ ನಮ್ಮ ಕಾಫಿ ಮಂಡಳಿಯ ಪೂಲಿಗೆ ಹೋಗಿ ಎಲ್ಲರ ಕಾಫಿಯೊಂದಿಗೆ ಸೇರುತ್ತಿತ್ತು, ಹಣ ಕಂತುಗಳಲ್ಲಿ ಬರುತ್ತಿತ್ತು. ಸಣ್ಣ ಬೆಳೆಗಾರನೊಬ್ಬನ ಬಟ್ಟಲಿನ ರುಚಿ ಹೇಗಿದೆ ಎಂದು ಅವನ ಹತ್ತಿರ ಬಂದು ಕೇಳುವವರು ಇರಲಿಲ್ಲ. 1990ರ ದಶಕದ ಮಧ್ಯದಲ್ಲಿ ಆ ಪದ್ಧತಿ ಹೋಯಿತು. ಈಗ ಕೊಳ್ಳುವವರು ಮಾದರಿ ಹುರಿದು, ಕುಡಿದು ನೋಡಿ ದರ ಹೇಳುತ್ತಾರೆ.

ಕಳೆದ ಜನವರಿಯಲ್ಲಿ ಸಂಘದ ಪಲ್ಪರಿನಲ್ಲಿ ಒಂಬತ್ತು ಮಂದಿ ಸಣ್ಣ ಸದಸ್ಯರ ಅರೇಬಿಕಾ ಹಣ್ಣನ್ನು ಒಟ್ಟಿಗೆ ಸಂಸ್ಕರಿಸಿ 22 ಚೀಲ ಪಾರ್ಚ್‌ಮೆಂಟ್ ಮಾಡಿದ್ದು ಸದಸ್ಯರಿಗೆ ನೆನಪಿರಬಹುದು. ಕೊಳ್ಳುವವರಿಂದ ಮಾದರಿಯ ಚೀಟಿ ಮರಳಿ ಬಂದಾಗ ಅದರಲ್ಲಿ ಎರಡೇ ಮಾತು ಇತ್ತು: ಹುಳಿ, ಹುದುಗು ವಾಸನೆ. 22 ಚೀಲವೂ ಚೆರಿಯ ದರಕ್ಕೆ ಹೋಯಿತು. ಪಲ್ಪಿಂಗ್, ತೊಳೆಯುವುದು, ಮೂರು ವಾರ ಕಣದಲ್ಲಿ ಹರಡಿ ಮುಚ್ಚುವುದು, ಇಷ್ಟೂ ಆಳಿನ ಕೂಲಿ ನೀರಿನಲ್ಲಿ ಹೋಮ ಮಾಡಿದಂತಾಯಿತು. ದರ ಇಳಿಸಲು ಹೂಡಿದ ಉಪಾಯ ಇದೆಂದು ನಾವು ಬಲವಾಗಿ ನಂಬಿದೆವು. ಸಂಘದ ಲೆಟರ್‌ಹೆಡ್ಡಿನಲ್ಲಿ ಖಾರವಾದ ಒಂದು ಪತ್ರವನ್ನೂ ಬರೆದೆವು. ಮಾರ್ಚಿಯ ಸಭೆಯಲ್ಲಿ ಒಂಬತ್ತರಲ್ಲಿ ನಾಲ್ವರು, ಇನ್ನು ಪಾರ್ಚ್‌ಮೆಂಟಿನ ಸಹವಾಸವೇ ಬೇಡ, ಹಣ್ಣನ್ನು ಇದ್ದ ಹಾಗೆ ಒಣಗಿಸಿ ಚೆರಿ ಮಾಡಿ ಕೊಟ್ಟುಬಿಡುತ್ತೇವೆ ಎಂದರು. ಅವರ ಮಾತಿಗೆ ನಮ್ಮ ಬಳಿ ಉತ್ತರವಿರಲಿಲ್ಲ. ಅವರ ಸಿಟ್ಟಿಗೆ ನಾವೂ ತುಪ್ಪ ಸುರಿದೆವು ಎಂಬುದೇ ನಿಜ.

ಶೀಸೆಗಳು ಬಂದದ್ದು

ನಮ್ಮ ತಂಗಿಯ ಮಗ ಸೂಕ್ಷ್ಮಜೀವಿ ಶಾಸ್ತ್ರ ಓದಿ, ದೊಡ್ಡಬಳ್ಳಾಪುರದ ಕಡೆ ವೈನ್ ತಯಾರಿಸುವಲ್ಲಿ ಕೆಲಸಕ್ಕಿದ್ದಾನೆ. ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದ ಮೇಲೆ ನಂದಿಬೆಟ್ಟದ ಸುತ್ತಲಲ್ಲೂ ಕೃಷ್ಣಾ ಕಣಿವೆಯ ಕಡೆಯೂ ಇಂಥ ಕೆಲಸಗಳು ಹೆಚ್ಚಿವೆ. ಗಣೇಶನ ಹಬ್ಬಕ್ಕೆ ಬಂದವನು ಆರು ಶೀಸೆ ತಂದಿದ್ದ. ಹಬ್ಬದ ಮನೆಯೊಳಗೆ ಅದು ಬರುವ ಹಾಗಿಲ್ಲವಾದ್ದರಿಂದ ಅವು ಸಂಘದ ಗೋದಾಮಿನ ಮೂಲೆಯಲ್ಲಿ ಮೂರು ದಿನ ಕುಳಿತವು. ಗಣಪತಿಯನ್ನು ನೀರಿಗೆ ಬಿಟ್ಟ ಮಾರನೆಯ ಸಂಜೆ ಅಲ್ಲೇ ಮೇಜು ಹಾಕಿದೆವು. ನಮ್ಮೊಂದಿಗೆ ಸಂಘದ ಹಿರಿಯ ನಿರ್ದೇಶಕರೊಬ್ಬರೂ, ಆ ಒಂಬತ್ತು ಮಂದಿಯಲ್ಲಿ ಒಬ್ಬರಾದ ಸದಸ್ಯೆಯೊಬ್ಬರೂ ಇದ್ದರು. ಆ ತಾಯಿ ಮೊದಲೇ ಹೇಳಿದರು: "ನಾನು ಮೂಸಿ ನೋಡುತ್ತೇನೆ ಸೆಕ್ರೆಟರಿಗಳೇ, ಬಾಯಿಗೆ ಹಾಕುವುದಿಲ್ಲ." ಕೊನೆಗೆ ಆ ಸಂಜೆಯ ಕೆಲಸ ಮಾಡಿದ್ದು ಅವರ ಮೂಗೇ.

ನಿರ್ದೇಶಕರು ಬಾಯಿತುಂಬ ಕವಳ ಹಾಕಿಕೊಂಡೇ ಬಂದಿದ್ದರು. ಹುಡುಗ ಕೈಮುಗಿದು, ಬಾಯಿ ಮುಕ್ಕಳಿಸಿ ಒಂದು ಗಂಟೆ ಕಾಯಬೇಕೆಂದು ಕೇಳಿಕೊಂಡ. ಸುಣ್ಣ, ಎಲೆ, ಅಡಿಕೆಯ ಒಗರು ನಾಲಗೆಯ ಮೇಲಿರುವಾಗ ಬೇರೆ ಯಾವ ರುಚಿಯೂ ಸರಿಯಾಗಿ ತಿಳಿಯದು. ಅವರು ಮುನಿಸಿಕೊಂಡೇ ಕಾದರು. ಪೀಕದಾನಿ ಮಾತ್ರ ಅವರದ್ದೇ ಉಪಯೋಗಕ್ಕೆ ಬಂತು. ಒಂದು ಗುಟುಕಿಗೂ ಇನ್ನೊಂದಕ್ಕೂ ನಡುವೆ ಬಾಯಿ ತಿಳಿಗೊಳಿಸಲು ಪರದೇಶಗಳಲ್ಲಿ ಬ್ರೆಡ್ಡು ಇಡುತ್ತಾರಂತೆ. ನಾವು ಉಪ್ಪು ಖಾರ ಹಾಕದ ಮಂಡಕ್ಕಿ ಇಟ್ಟುಕೊಂಡೆವು, ಚೆನ್ನಾಗಿಯೇ ಕೆಲಸ ಮಾಡಿತು.

ಮೊದಲ ಪಾಠ ಮೂಗಿನದು. ನಾಲಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಮಾಂಸದ ಸಾರಿನಂಥ ಒಂದು ರುಚಿ ಎಂದು ವಿಜ್ಞಾನ ಹೇಳುತ್ತದೆ. ಉಳಿದೆಲ್ಲವೂ ಬಾಯಿಯ ಹಿಂಬದಿಯಿಂದ ಮೂಗಿಗೆ ಏರುವ ಘಮ. ನೆಗಡಿಯಾದಾಗ ಊಟ ಸಪ್ಪೆಯಾಗುವುದು ಇದಕ್ಕೇ. ನಮ್ಮ ಷಡ್ರಸಗಳಲ್ಲಿ ಕಷಾಯ, ಅಂದರೆ ಒಗರು, ಒಂದು ರಸ. ಪಶ್ಚಿಮದವರು ಅದನ್ನು ರುಚಿಯ ಲೆಕ್ಕಕ್ಕೆ ಹಿಡಿಯದೆ ಬಾಯಿಯ ಸ್ಪರ್ಶ ಎನ್ನುತ್ತಾರೆ. ಅಡಿಕೆ ಬೆಳೆಯುವವರಿಗೆ ಇದು ಒಪ್ಪಿಗೆಯಾಗುವ ಮಾತಲ್ಲ, ಇರಲಿ.

ಮೊದಲ ನಾಲ್ಕು

ಎಲೆಗೆ ಬಡಿಸುವುದಕ್ಕೆ ಕ್ರಮವಿರುವಂತೆ ಇದಕ್ಕೂ ಕ್ರಮವಿದೆ: ತೆಳುವಾದದ್ದು ಮೊದಲು, ಗಾಢವಾದದ್ದು ಆಮೇಲೆ, ಸಿಹಿ ಕೊನೆಗೆ.

ಮೊದಲನೆಯದು ಸೋವಿನ್ಯೊಂ ಬ್ಲಾಂ ಎಂಬ ತಳಿಯ ಬಿಳಿ ವೈನ್. ಬಿಳಿ ಎಂದರೆ ತೆಳು ಹುಲ್ಲಿನ ಬಣ್ಣ. ಮೂಗಿಗೆ ಹಿಡಿದ ಕೂಡಲೇ ಹೆಚ್ಚಿದ ದೊಣ್ಣೆಮೆಣಸಿನ ವಾಸನೆ. ನಾವು ಸಂಕೋಚದಿಂದಲೇ ಹಾಗೆ ಹೇಳಿದೆವು. ಹುಡುಗ ಮೇಜು ತಟ್ಟಿ, "ಸರಿ ಮಾವ, ಎರಡರಲ್ಲೂ ಇರುವುದು ಒಂದೇ ವಸ್ತು" ಎಂದ. ಪೈರಜಿನ್ ಎಂಬ ಜಾತಿಯ ಆ ವಸ್ತು ಎಳೆಯ ದ್ರಾಕ್ಷಿಯಲ್ಲಿ ಹೆಚ್ಚು, ಹಣ್ಣು ಮಾಗುತ್ತ ಬಂದಂತೆ ಕಡಿಮೆ. ಅಂದರೆ ಈ ವಾಸನೆ ಎಷ್ಟಿದೆ ಎಂಬುದರಲ್ಲಿ ಕೊಯ್ಲಿನ ದಿನವೇ ಬರೆದಿಟ್ಟಂತೆ. ಬಾಯಲ್ಲಿ ಲಿಂಬೆಯಂಥ ಚುರುಕು ಹುಳಿ, ಉಗುಳಿದ ಮೇಲೆ ಬಾಯಿ ಸ್ವಚ್ಛ. ನಮಗೆ ಗೌರವ ಬಂತೇ ಹೊರತು ಪ್ರೀತಿ ಬರಲಿಲ್ಲ. ನಮ್ಮಲ್ಲಿ ಹಸಿರು ಕಾಯಿ, ಅರೆಹಣ್ಣು ಎಲ್ಲವನ್ನೂ ಒಂದೇ ಬುಟ್ಟಿಗೆ ಉದುರಿಸಿದರೆ ಬಟ್ಟಲಿನಲ್ಲಿ ಬರುವ ಹುಲ್ಲು ವಾಸನೆ, ಬಾಯಿ ಹಿಡಿಯುವ ಒಗರು ಇದರ ದೂರದ ನೆಂಟರು.

ಎರಡನೆಯದು ಶೆನಿನ್ ಬ್ಲಾಂ. ಇದೂ ಬಿಳಿಯೇ, ಆದರೆ ಸ್ವಭಾವ ಬೇರೆ. ಮಾಗಿದ ಪೇರಳೆಹಣ್ಣಿನ ಘಮ, ಸ್ವಲ್ಪ ಸಿಹಿ, ಆ ಸಿಹಿಯ ಬೆನ್ನಿಗೇ ಹುಳಿ. ಲೆಕ್ಕ ಸರಳವಾಗಿದೆ: ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಮದ್ಯಸಾರ. ಎಲ್ಲ ಸಕ್ಕರೆಯೂ ಹುದುಗಿದರೆ ವೈನಿನಲ್ಲಿ ಸಿಹಿ ಇರದು. ಸಿಹಿ ಉಳಿಯಬೇಕಾದರೆ ಹುದುಗನ್ನು ನಡುವೆಯೇ ತಂಪು ಮಾಡಿ ನಿಲ್ಲಿಸಬೇಕು. "ಶುರು ಮಾಡುವುದು ಯಾರು ಬೇಕಾದರೂ ಮಾಡಿಯಾರು ಮಾವ, ನಿಲ್ಲಿಸುವುದಕ್ಕೇ ನಮಗೆ ಸಂಬಳ" ಎಂದ. ಆಗ ಅದು ತಮಾಷೆಯ ಮಾತಾಗಿ ಕೇಳಿಸಿತು.

ಮೂರನೆಯದು ಕೆಂಪು: ಕ್ಯಾಬರ್ನೆ ಸೋವಿನ್ಯೊಂ ಮತ್ತು ಶಿರಾಜ್ ಎಂಬ ಎರಡು ತಳಿ ಸೇರಿಸಿದ್ದು. ಇಲ್ಲಿ ಸ್ವಲ್ಪ ನಿಲ್ಲುತ್ತೇವೆ, ಏಕೆಂದರೆ ಇದು ಅಡಿಕೆಯವರ ವೈನ್. ಕರಿ ದ್ರಾಕ್ಷಿಯ ರಸಕ್ಕೆ ಸಾಮಾನ್ಯವಾಗಿ ಬಣ್ಣವೇ ಇಲ್ಲ, ಬಣ್ಣವಿರುವುದು ಸಿಪ್ಪೆಯಲ್ಲಿ. ರಸವನ್ನು ಮೊದಲೇ ಹಿಂಡಿ ಸಿಪ್ಪೆ ಬೇರೆ ಮಾಡಿ ಹುದುಗಿಸಿದರೆ ಬಿಳಿ ವೈನ್, ಸಿಪ್ಪೆ ಬೀಜ ಸಮೇತ ಹುದುಗಿಸಿದರೆ ಕೆಂಪು. ಸಿಪ್ಪೆ ಬಿಡಿಸಿ ಪಾರ್ಚ್‌ಮೆಂಟ್, ಸಿಪ್ಪೆ ಸಮೇತ ಚೆರಿ ಎಂದು ನಾವು ಮಾಡುವ ವಿಂಗಡಣೆಯೂ ಹೀಗೆಯೇ ಅಲ್ಲವೇ? ಸಿಪ್ಪೆ ಬೀಜಗಳಿಂದ ಬಣ್ಣದ ಜೊತೆಗೆ ಟ್ಯಾನಿನ್ ಬರುತ್ತದೆ, ಅಂದರೆ ನಮ್ಮ ಚೊಗರಿನ ಮುಖ್ಯ ಸತ್ವ. ಎಂಜಲಿನಲ್ಲಿರುವ ಪ್ರೋಟೀನಿಗೆ ಅದು ಅಂಟಿಕೊಂಡಾಗ ಬಾಯಿಯ ಜಾರು ಹೋಗಿ ಒಳಗೆಲ್ಲ ಒಣಗಿ ಹಿಡಿದಂತಾಗುತ್ತದೆ.

ಹುಡುಗ ಇದನ್ನು ವಿವರಿಸುತ್ತಿದ್ದಂತೆ ನಿರ್ದೇಶಕರು ಕೈ ಎತ್ತಿ ತಡೆದರು. "ನನಗೆ ಹೇಳಬೇಡ. ಇದು ಬೆಟ್ಟೆ, ಸರಕಲ್ಲ" ಎಂದರು. ಹುಡುಗನಿಗೆ ಅರ್ಥವಾಗಲಿಲ್ಲ, ನಮಗೆ ಆಯಿತು. ಎಳೆಯ ಅಡಿಕೆಯಲ್ಲಿ ಟ್ಯಾನಿನ್ ಹೆಚ್ಚು, ಬಲಿತಂತೆ ಕಡಿಮೆ. ಹಲ್ಲಿಗೆ ತಾಗಿಸಿಯೇ ಕಾಯಿ ಯಾವ ಹದದಲ್ಲಿ ಇಳಿದದ್ದು ಎಂದು ಹೇಳುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಅವರು ಆ ಕೆಂಪು ವೈನನ್ನು ಮೂರು ಸಲ ಬಾಯಲ್ಲಿ ತಿರುಗಿಸಿ, ಒಗರಿನಲ್ಲಿ ಎರಡು ತರ ಇದೆ, ಒಂದು ನಾಲಗೆಯ ಅಂಚಿಗೆ ಚುಚ್ಚುವುದು, ಇನ್ನೊಂದು ಗಲ್ಲದ ಒಳಗೆ ಮಖಮಲ್ಲಿನ ಹಾಗೆ ಹಿಡಿಯುವುದು, ಇದರಲ್ಲಿ ಎರಡನೆಯದೇ ಹೆಚ್ಚು ಎಂದರು. ರುಚಿ ನೋಡುವ ತರಬೇತಿಯಲ್ಲಿ ತಾನು ಇದನ್ನು ಕಲಿಯಲು ಬಹಳ ದಿನ ಹಿಡಿಯಿತೆಂದು ಹುಡುಗ ಒಪ್ಪಿಕೊಂಡ. ಕವಳ ತಿನ್ನುವವರ ಬಾಯಿ ಕೆಟ್ಟ ಬಾಯಿ ಎಂದು ಯಾರೂ ಹೇಳಬಾರದು. ರುಚಿ ನೋಡುವ ದಿನ ಮಾತ್ರ ಅದನ್ನು ತೊಳೆದಿರಬೇಕು. ಆ ವೈನಿನಲ್ಲಿ ನಮಗೆ ನೇರಳೆಹಣ್ಣು, ಸ್ವಲ್ಪ ಕಾಳುಮೆಣಸು, ಓಕ್ ಮರದ ಪೀಪಾಯಿಯಿಂದ ಬಂದ ಸುಟ್ಟ ಕಾಯಿಚಿಪ್ಪಿನಂಥ ವಾಸನೆ ಕಂಡಿತು. ಒಳ್ಳೆಯ ಸರಕು.

ನಾಲ್ಕನೆಯದರಲ್ಲಿ ನಾವು ಉಗುಳಲಿಲ್ಲ. ಬೆಂಗಳೂರು ಬ್ಲೂ ಎಂಬ, ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರದ ಕಡೆ ಸಣ್ಣ ರೈತರು ಚಪ್ಪರದ ಮೇಲೆ ಬೆಳೆಯುವ ದ್ರಾಕ್ಷಿಯಿಂದ ಮಾಡಿದ ಸಿಹಿ ಕೆಂಪು ವೈನ್. ಗಾಜಿನ ಲೋಟ ಮೇಜಿನ ಮೇಲಿರುವಾಗಲೇ ದ್ರಾಕ್ಷಿಯ ವಾಸನೆ ಕೋಣೆ ತುಂಬಿತು. ನಮ್ಮ ಬಾಲ್ಯದಲ್ಲಿ ಸಂತೆಯಿಂದ ಕಾಗದದ ಪೊಟ್ಟಣದಲ್ಲಿ ಬರುತ್ತಿದ್ದ ದ್ರಾಕ್ಷಿಯೇ ಇದು. ಅಮೆರಿಕ ಮೂಲದ ಲ್ಯಾಬ್ರಸ್ಕ ಜಾತಿಯ ರಕ್ತ ಇದರಲ್ಲಿದೆ. ಆ ವಾಸನೆಯನ್ನು ವೈನ್ ಪಂಡಿತರು ಒರಟು ಎನ್ನುತ್ತಾರೆ, ದರವೂ ಹಾಗೆಯೇ. ಹುಡುಗ ಮೂಗು ಮುರಿದ. ನಮಗೆ ಆ ಸಂಜೆ ಎಲ್ಲಕ್ಕಿಂತ ಇದೇ ಹಿಡಿಸಿತು, ಅದನ್ನು ಹೇಳಲು ನಾಚಿಕೆಯಿಲ್ಲ. ರೊಬಸ್ಟಾ ಕಾಫಿಗೂ ಬಹುಕಾಲ ಇದೇ ಹಣೆಬರಹವಿತ್ತು. ಈಗ ಚೆನ್ನಾಗಿ ತೊಳೆದು ಮಾಡಿದ ಆಯ್ದ ರೊಬಸ್ಟಾ ಪಾರ್ಚ್‌ಮೆಂಟು ಕಾಪಿ ರಾಯಲ್ ಎಂಬ ಹೆಸರಿನಲ್ಲಿ ಗೌರವದಿಂದ ಮಾರಾಟವಾಗುತ್ತದೆ. ಹಾಗೆಂದು ನಮಗೆ ಇಷ್ಟವಾದದ್ದಕ್ಕೂ ಕೊಳ್ಳುವವನು ದುಡ್ಡು ಕೊಡುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಅದೇ ಲೋಟ ನೆನಪಿಸಿತು.

ಕೆಟ್ಟ ಎರಡು

ಐದನೆಯ ಮತ್ತು ಆರನೆಯ ಶೀಸೆಗಳನ್ನು ಹುಡುಗ ಬೇಕೆಂದೇ ತಂದಿದ್ದ. "ಒಳ್ಳೆಯದನ್ನು ಗುರುತಿಸಲು ಕಲಿಯುವ ಮೊದಲು ಕೆಟ್ಟದ್ದನ್ನು ಗುರುತಿಸಲು ಕಲಿಸುತ್ತಾರೆ" ಎಂದ. ಈ ಎರಡರ ಬಗ್ಗೆ ಸದಸ್ಯರು ವಿಶೇಷ ಗಮನ ಕೊಡಬೇಕು.

ಆರನೆಯದನ್ನು ಮೊದಲು ಹೇಳಿ ಮುಗಿಸುತ್ತೇವೆ. ಮುಚ್ಚಳ ತೆಗೆದರೆ ಒದ್ದೆ ಗೋಣಿಚೀಲ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ತೆಗೆಯದ ಪೆಟ್ಟಿಗೆ. ಹಣ್ಣಿನ ಘಮವೇ ಸತ್ತುಹೋಗಿತ್ತು. ಬಿರಡೆಯಿಂದ ಬರುವ ಈ ದೋಷಕ್ಕೆ ಟ್ರೈಕ್ಲೋರೋಅನಿಸೋಲ್ ಎಂಬ ವಸ್ತು ಕಾರಣವೆಂದು 1982ರಲ್ಲಿ ಗೊತ್ತಾಯಿತು. ಕ್ಲೋರಿನ್ ಸೇರಿದ ಕೆಲವು ವಸ್ತುಗಳು ಮರಕ್ಕೋ ಬಿರಡೆಗೋ ತಾಗಿ, ಅಲ್ಲಿ ಬೂಷ್ಟು ಬೆಳೆದಾಗ ಇದು ಹುಟ್ಟುತ್ತದೆ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಸಾಕು, ಅಂದರೆ ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಕೆಲವು ಪಾಲು, ಇಡೀ ಶೀಸೆ ಹೋಯಿತು. ನಮಗೇಕೆ ಇದು ಎಂದರೆ, ಬ್ರೆಜಿಲಿನ ಕಾಫಿಯಲ್ಲಿ ರಿಯೊ ಎಂದು ಕುಖ್ಯಾತವಾದ ಔಷಧಿ ವಾಸನೆಯಲ್ಲೂ ಇದೇ ವಸ್ತು ಮುಖ್ಯ ಎಂದು 1990ರಲ್ಲಿ ಕಂಡುಹಿಡಿದರು. ಮರಕ್ಕೆ ಹುಳ ಬೀಳದಂತೆ ಬಳಿದ ಎಣ್ಣೆ, ಬ್ಲೀಚಿಂಗ್ ಪುಡಿ, ಬೂಷ್ಟು ಹಿಡಿದ ಗೋಣಿ, ಇವು ಯಾವುವೂ ಕಾಫಿ ಚೀಲದ ಹತ್ತಿರ ಬರಕೂಡದು. ನಮ್ಮ ಗೋದಾಮಿನಲ್ಲಿ ಚೀಲದ ಅಡಿಗೆ ಹಾಕುತ್ತಿದ್ದ ಹಳೆಯ ಹಲಗೆಗಳನ್ನು ಈಗಾಗಲೇ ತೆಗೆಸಿದ್ದೇವೆ.

ಐದನೆಯದು ಒಂದು ಕಾಲದಲ್ಲಿ ಒಳ್ಳೆಯ ವೈನೇ ಆಗಿತ್ತು. ಅದನ್ನು ಅರ್ಧ ಖಾಲಿ ಮಾಡಿ, ಗಾಳಿಯಾಡುವಂತೆ ಎರಡು ವಾರ ಬಿಟ್ಟಿದ್ದರು. ಮೂಗಿಗೆ ಚುಚ್ಚುವ ವಿನೆಗರ್, ಅದರ ಹಿಂದೆ ಕೊಳೆತ ಹಲಸಿನ ತೊಳೆಯ ಸಿಹಿನಾತ. ವೈನ್ ಕೆಡುವುದಕ್ಕೆ ಸೂಕ್ಷ್ಮಜೀವಿಗಳು ಕಾರಣವೆಂದು ಲೂಯಿ ಪಾಶ್ಚರ್ 1860ರ ದಶಕದಲ್ಲೇ ತೋರಿಸಿದ್ದರು. ಈಸ್ಟ್ ಸಕ್ಕರೆಯನ್ನು ಮದ್ಯಸಾರ ಮಾಡುತ್ತದೆ. ಗಾಳಿ ಸಿಕ್ಕರೆ ಇನ್ನೊಂದು ಜಾತಿಯ ಬ್ಯಾಕ್ಟೀರಿಯ ಬಂದು ಆ ಮದ್ಯಸಾರವನ್ನು ಅಸಿಟಿಕ್ ಆಮ್ಲ ಮಾಡುತ್ತದೆ.

ನಾವು ಮುಖ ಹಿಂಡಿ ಲೋಟ ಕೆಳಗಿಟ್ಟೆವು. ಸದಸ್ಯೆ ಮಾತ್ರ ಲೋಟ ಬಿಡಲಿಲ್ಲ. ಎರಡು ಸಲ, ಮೂರು ಸಲ ಮೂಸಿದರು. ಆಮೇಲೆ ನಿಧಾನವಾಗಿ ಹೇಳಿದರು:

"ಸೆಕ್ರೆಟರಿಗಳೇ, ಇದು ಆ ಬುಧವಾರ ತೊಟ್ಟಿ ತೊಳೆಯುವಾಗ ಬಂದ ವಾಸನೆ. ನಾನು ಅವತ್ತೇ ಹೇಳಿದ್ದೆ. ತೊಟ್ಟಿ ಅಂದಮೇಲೆ ವಾಸನೆ ಇರುತ್ತದಮ್ಮ ಅಂದಿರಿ ನೀವು."

ಹೌದು, ನಾವು ಹಾಗೆಯೇ ಹೇಳಿದ್ದೆವು.

ಮೂರು ಬಟ್ಟಲು

ಪ್ರತಿ ಲಾಟಿನಿಂದ ಒಂದು ಕಿಲೋ ಮಾದರಿಯನ್ನು ಬಿಗಿ ಡಬ್ಬಿಯಲ್ಲಿ ಉಳಿಸಿಕೊಳ್ಳುವ ಪದ್ಧತಿ ಸಂಘದಲ್ಲಿದೆ. ಆ ರಾತ್ರಿಯೇ ಮೂರು ಡಬ್ಬಿ ತೆಗೆದೆವು: ದೂರು ಬಂದ 22 ಚೀಲದ್ದು, ಡಿಸೆಂಬರಿನಲ್ಲಿ ಸಂಘದಲ್ಲೇ ಮಾಡಿದ ಇನ್ನೊಂದು ಲಾಟು, ಮತ್ತು ಅದೇ ಜನವರಿ ವಾರದಲ್ಲಿ ಸದಸ್ಯರೊಬ್ಬರು ಮನೆಯಲ್ಲಿ ಕೈಪಲ್ಪರಿನಲ್ಲಿ ಮಾಡಿದ್ದು. ಒರಳಿನಲ್ಲಿ ಮೆಲ್ಲಗೆ ಕುಟ್ಟಿ, ಮೊರದಲ್ಲಿ ಕೇರಿ, ಮೂರನ್ನೂ ಒಂದೇ ಬಣ್ಣಕ್ಕೆ ಹುರಿದು ಬೆಳಗಿನವರೆಗೆ ಬಿಟ್ಟೆವು. ಬಟ್ಟಲುಗಳ ಅಡಿಗೆ ನಿರ್ದೇಶಕರು ಗುಟ್ಟಾಗಿ ಗುರುತು ಹಾಕಿದರು. ಅಳತೆ ರುಚಿ ನೋಡುವವರ ಸಾಮಾನ್ಯ ಅಳತೆಯೇ: 150 ಮಿ.ಲೀ. ನೀರಿಗೆ 8.25 ಗ್ರಾಂ ತರಿ ಪುಡಿ, ಕುದಿ ಇಳಿದ ಸುಮಾರು 93 ಡಿಗ್ರಿಯ ನೀರು, ನಾಲ್ಕು ನಿಮಿಷದ ನಂತರ ಮೇಲಿನ ಕೆನೆಯನ್ನು ಚಮಚದಿಂದ ಒಡೆದು ಮೂಸುವುದು. ಹಾಲಿಲ್ಲ, ಸಕ್ಕರೆಯಿಲ್ಲ, ಚಿಕೋರಿಯಂತೂ ಇಲ್ಲವೇ ಇಲ್ಲ.

ಬಿಸಿಯಿರುವಾಗ ಮೂರೂ ಹೆಚ್ಚುಕಡಿಮೆ ಒಂದೇ ಎನ್ನಿಸಿತು. ನಮ್ಮ ಮನಸ್ಸು ಹಗುರವಾಗತೊಡಗಿತ್ತು. ಆರುತ್ತ ಬಂದಂತೆ ಬಲಗಡೆಯ ಬಟ್ಟಲು ತನ್ನ ಗುಣ ತೋರಿಸಿತು: ಮೊದಲು ಹುಳಿಮಜ್ಜಿಗೆ, ಆಮೇಲೆ ವಿನೆಗರ್, ಪೂರ್ತಿ ತಣ್ಣಗಾದ ಮೇಲೆ ಗಂಟಲಲ್ಲಿ ಕೊಳೆತ ಈರುಳ್ಳಿಯಂಥ ಒಂದು ಎಳೆ. ನಾಲ್ವರೂ ಬೇರೆ ಬೇರೆ ಚೀಟಿಯಲ್ಲಿ ಬರೆದೆವು. ನಾಲ್ಕು ಚೀಟಿಯಲ್ಲೂ ಬಲಗಡೆಯ ಬಟ್ಟಲೇ. ತಿರುಗಿಸಿ ನೋಡಿದರೆ ನಮ್ಮ 22 ಚೀಲ.

ಇಷ್ಟು ದಿನ ನಾವು ನಮ್ಮ ಕಾಫಿಯನ್ನು ಕುಡಿದದ್ದು ಬಿಸಿಯಾಗಿ, ಹಾಲು ಸಕ್ಕರೆ ಬೆರೆಸಿ. ಅದರಲ್ಲಿ ಇದು ಹೇಗೆ ತಿಳಿಯಬೇಕು?

ಪಲ್ಪರಿನ ದಿನಚರಿ ಪುಸ್ತಕ ತೆಗೆಸಿದೆವು. ಹಣ್ಣು ಕೊಯ್ದದ್ದು ಶನಿವಾರ ಬೆಳಿಗ್ಗೆ. ಮಧ್ಯಾಹ್ನ ಕರೆಂಟು ಹೋಗಿ, ಬಂದದ್ದು ಭಾನುವಾರ ರಾತ್ರಿ. ಅಷ್ಟು ಹೊತ್ತು ಹಣ್ಣು ಚೀಲಗಳಲ್ಲಿ ರಾಶಿ ಬಿದ್ದಿತ್ತು. ಸೋಮವಾರ ಬೆಳಿಗ್ಗೆ ಪಲ್ಪ್ ಮಾಡಿ ತೊಟ್ಟಿಗೆ ಹಾಕಿದೆವು. ಅರೇಬಿಕಾಕ್ಕೆ 24ರಿಂದ 36 ಗಂಟೆ ಎಂಬ ಪುಸ್ತಕದ ಲೆಕ್ಕ ಹಿಡಿದು ಮಂಗಳವಾರ ಸಂಜೆಗೆ ತೊಳೆಯಬೇಕಿತ್ತು. ಅಷ್ಟರಲ್ಲಿ ಆಳುಗಳು ಮನೆಗೆ ಹೋಗಿದ್ದರಿಂದ ತೊಳೆದದ್ದು ಬುಧವಾರ ಬೆಳಿಗ್ಗೆ. ಕೊಯ್ದಲ್ಲಿಂದ ಲೆಕ್ಕ ಹಾಕಿದರೆ 90 ಗಂಟೆ ದಾಟುತ್ತದೆ. "ಮಾವ, ನಮ್ಮಲ್ಲಿ ದ್ರಾಕ್ಷಿಯನ್ನು ಬೆಳಗಿನ ಜಾವ ತಂಪಿನಲ್ಲೇ ಕೊಯ್ಯುವುದು ಯಾಕೆ ಹೇಳಿ? ಬುಟ್ಟಿಯಲ್ಲಿ ಬಿಸಿಯೇರಿದರೆ ಹುದುಗು ಅಲ್ಲೇ ಶುರು. ನಿಮ್ಮ ಗಡಿಯಾರ ತೊಟ್ಟಿಯಲ್ಲಿ ಶುರುವಾಯಿತು, ಹುಳದ ಗಡಿಯಾರ ಚೀಲದಲ್ಲಿ" ಎಂದ ಹುಡುಗ.

ವೈನಿಗೂ ಕಾಫಿಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ವೈನಿನಲ್ಲಿ ಹುದುಗಿದ ರಸವೇ ಸರಕು. ನಮ್ಮಲ್ಲಿ ಹುದುಗು ಬರುವುದು ಬೀಜಕ್ಕೆ ಅಂಟಿದ ಲೋಳೆ ಕರಗಲಿ ಎಂದು ಮಾತ್ರ. ಲೋಳೆ ಬಿಟ್ಟ ಮೇಲೂ ಬೀಜ ಆ ನೀರಿನಲ್ಲಿ ಕುಳಿತರೆ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳು ಒಂದರ ಮೇಲೊಂದು ಹುಟ್ಟುತ್ತವೆ, ಅವುಗಳ ವಾಸನೆ ಬೀಜದೊಳಗೆ ಇಳಿಯುತ್ತದೆ. ಎಷ್ಟು ಒಣಗಿಸಿದರೂ ಹೋಗುವುದಿಲ್ಲ. ಪಲ್ಪರಿನ ಸಂದಿಯಲ್ಲೋ ಕಾಲುವೆಯಲ್ಲೋ ಹಿಂದಿನ ದಿನ ಸಿಕ್ಕಿಬಿದ್ದ ಬೀಜಗಳು ಮಾರನೆಯ ಲಾಟಿಗೆ ಬೆರೆತರೆ ಇನ್ನೂ ಕೆಟ್ಟದು. ಅಂಥ ನಾತದ ಬೀಜ ಒಂದೇ ಒಂದು ಇದ್ದರೂ ಬಟ್ಟಲು ಕೆಡುತ್ತದೆ.

ಈಗ ಕೆಲವು ತರುಣ ಸದಸ್ಯರು, ಗಾಳಿಯಾಡದ ಡ್ರಮ್ಮಿನಲ್ಲಿ ಹಣ್ಣನ್ನು ದಿನಗಟ್ಟಲೆ ಹುದುಗಿಸಿ ವೈನಿನ ಘಮ ಬರಿಸಿದ ಕಾಫಿಗೆ ಪೇಟೆಯಲ್ಲಿ ಹೆಚ್ಚಿನ ದರ ಇದೆಯಲ್ಲ, ನಾವೂ ಮಾಡೋಣ ಎನ್ನುತ್ತಾರೆ. ದರ ಇರುವುದು ನಿಜ. ಆದರೆ ಅದು ಬೇಕೆಂದು ಮಾಡಿದ ಹುದುಗು: ಪಕ್ವವಾದ ಹಣ್ಣನ್ನೇ ಆರಿಸಿ, ಶಾಖ ನೋಡಿ, ಆಮ್ಲ ಅಳೆದು, ಸರಿಯಾದ ಗಳಿಗೆಗೆ ನಿಲ್ಲಿಸಿದ್ದು. ಕೊಳ್ಳುವವರನ್ನು ಮೊದಲೇ ಗೊತ್ತು ಮಾಡಿಕೊಂಡು ಮಾಡುವ ಸಣ್ಣ ಪ್ರಮಾಣದ ಕೆಲಸ. ಸಾದಾ ತೊಳೆದ ಪಾರ್ಚ್‌ಮೆಂಟನ್ನು ಶುದ್ಧವಾಗಿ ಮಾಡಲು ಬಾರದ ನಮ್ಮಂಥವರು ಅತ್ತ ಕೈಹಾಕಿದರೆ ಇನ್ನೂ 22 ಚೀಲ ಹೋದೀತು ಎಂಬುದು ನಮ್ಮ ಅಭಿಪ್ರಾಯ. ಒಪ್ಪದವರು ಬಂದು ಮಾತನಾಡಬಹುದು.

ಈ ಕೊಯ್ಲಿಗೆ

ಕೊಳ್ಳುವವರಿಗೆ ಬರೆದ ಪತ್ರವನ್ನು ಹಿಂದಕ್ಕೆ ಪಡೆದು, ತಪ್ಪು ನಮ್ಮ ತೊಟ್ಟಿಯದೇ ಎಂದು ತಿಳಿಸಿದ್ದೇವೆ. ಸದಸ್ಯರಿಗೂ ಅದನ್ನೇ ಇಲ್ಲಿ ಅರಿಕೆ ಮಾಡುತ್ತೇವೆ. ಒಂಬತ್ತು ಮಂದಿ ತಂದುಕೊಟ್ಟ ಹಣ್ಣಿನಲ್ಲಿ ದೋಷವಿರಲಿಲ್ಲ. ಕರೆಂಟಿಗೆ ಬದಲಿ ಏರ್ಪಾಡು ಮಾಡದೆ ಇದ್ದುದು, ಆಳುಗಳನ್ನು ನಿಲ್ಲಿಸಿಕೊಳ್ಳದೆ ಇದ್ದುದು, ಹೇಳಿದ ಮಾತನ್ನು ಕೇಳದೆ ಇದ್ದುದು, ಮೂರೂ ಸಂಘದ ಕಚೇರಿಯ ಹೊಣೆ. ಆದ್ದರಿಂದ ದರದ ವ್ಯತ್ಯಾಸವನ್ನು ಆ ಒಂಬತ್ತು ಮಂದಿಯ ಖಾತೆಗೆ ಹಾಕಿದ್ದು ನ್ಯಾಯವಲ್ಲವೆಂದು, ಅದನ್ನು ಸಂಘವೇ ಭರಿಸಬೇಕೆಂದು ಮುಂದಿನ ಸಭೆಯಲ್ಲಿ ನಾವೇ ಠರಾವು ಮಂಡಿಸುತ್ತೇವೆ. ಪಾರ್ಚ್‌ಮೆಂಟ್ ಬಿಡುವ ಯೋಚನೆಯಲ್ಲಿರುವ ನಾಲ್ವರು ಅಲ್ಲಿಯವರೆಗೆ ಕಾಯಬೇಕೆಂದು ವಿನಂತಿ.

ಈ ವರ್ಷ ಸಂಘದ ಪಲ್ಪರಿಗೆ ಡೀಸೆಲ್ ಎಂಜಿನ್ ಬಾಡಿಗೆಗೆ ಗೊತ್ತಾಗಿದೆ. ಕೊಯ್ದ ದಿನ ಸಂಜೆಯೊಳಗೆ ಬಂದ ಹಣ್ಣನ್ನು ಅಂದೇ ಪಲ್ಪ್ ಮಾಡಲಾಗುವುದು. ರಾತ್ರಿ ಕಳೆದು ಬಂದ ಹಣ್ಣನ್ನು ಮುಲಾಜಿಲ್ಲದೆ ಚೆರಿಗೆ ಹರಡಲಾಗುವುದು. ಪ್ರತಿ ತೊಟ್ಟಿಯ ಗೋಡೆಯ ಮೇಲೆ ಹಣ್ಣು ಕೊಯ್ದ ಹೊತ್ತನ್ನೇ ಸೀಮೆಸುಣ್ಣದಲ್ಲಿ ಬರೆಯಲಾಗುವುದು. ಗಂಟೆಯ ಲೆಕ್ಕ ಅಂದಾಜಿಗೆ ಮಾತ್ರ. ಡಿಸೆಂಬರಿನ ಚಳಿಯಲ್ಲಿ ಹುದುಗು ನಿಧಾನ, ಸೆಕೆಯಲ್ಲಿ ಚುರುಕು. ಹಾಗಾಗಿ 20 ಗಂಟೆ ಕಳೆದ ಮೇಲೆ ಆಗಾಗ ಹಿಡಿ ಬೀಜ ತೆಗೆದು ನೀರಿನಲ್ಲಿ ಉಜ್ಜಿ ನೋಡಬೇಕು. ಜಾರದೆ, ಸಣ್ಣ ಬೆಣಚುಕಲ್ಲು ಉಜ್ಜಿದಂತೆ ಗರಗರ ಎಂದರೆ ಹದ ಬಂತು. ರಾಶಿಗೆ ಕೋಲು ಊರಿ ತೆಗೆದರೆ ತೂತು ಮುಚ್ಚದೆ ನಿಲ್ಲುತ್ತದೆ. ಹದ ರಾತ್ರಿ ಹನ್ನೆರಡಕ್ಕೆ ಬಂದರೆ ಹನ್ನೆರಡಕ್ಕೇ ತೊಳೆಯಬೇಕು, ಅದಕ್ಕೆ ಎರಡು ಆಳಿನ ರಾತ್ರಿ ಕೂಲಿಗೆ ಆಡಳಿತ ಮಂಡಳಿ ಒಪ್ಪಿದೆ. ಪಲ್ಪರು, ಕಾಲುವೆ, ಜರಡಿಗಳನ್ನು ದಿನವೂ ತೊಳೆದು ಸಂದಿಯ ಬೀಜ ತೆಗೆಯುವ ಮೇಲ್ವಿಚಾರಣೆಯನ್ನು ಮೇಲೆ ಹೇಳಿದ ಸದಸ್ಯೆ ವಹಿಸಿಕೊಂಡಿದ್ದಾರೆ. ತೊಟ್ಟಿಯ ವಾಸನೆಯ ಬಗ್ಗೆ ಇನ್ನು ಅವರ ಮಾತೇ ಕೊನೆ. ಪಾರ್ಚ್‌ಮೆಂಟನ್ನು ಶೇಕಡಾ 10ರ ತೇವಕ್ಕೆ ಒಣಗಿಸಿ ಹೊಸ ಚೀಲಕ್ಕೆ ತುಂಬಬೇಕು. ಅಡಿಕೆ, ಮೆಣಸು, ಗೊಬ್ಬರ ಇಟ್ಟ ಕೋಣೆಯಲ್ಲಿ ಇಡಬಾರದು.

ಯಾವ ಲಾಟೂ ಇನ್ನು ಮುಂದೆ ಬಟ್ಟಲಿನಲ್ಲಿ ನೋಡದೆ ಗೋದಾಮು ಬಿಡುವುದಿಲ್ಲ. ಕೊಯ್ಲು ಆರಂಭವಾದ ಮೇಲೆ ಪ್ರತಿ ಎರಡನೆಯ ಶನಿವಾರ ಬೆಳಿಗ್ಗೆ 10 ಗಂಟೆಗೆ ಕಚೇರಿಯಲ್ಲಿ ರುಚಿ ನೋಡುವ ಕಾರ್ಯಕ್ರಮವಿರುತ್ತದೆ. ಸದಸ್ಯರು ತಮ್ಮ ಪಾರ್ಚ್‌ಮೆಂಟ್ ಅಥವಾ ಚೆರಿಯ ಅರ್ಧ ಕಿಲೋ ಮಾದರಿಯನ್ನು ಹೆಸರು, ಕೊಯ್ದ ದಿನ ಬರೆದು ಹಿಂದಿನ ಗುರುವಾರದೊಳಗೆ ತಲುಪಿಸಬೇಕು. ಅಂದು ಕವಳ ಹಾಕದೆ ಬರಬೇಕಾಗಿ ಕೋರಿಕೆ. ಹಾಕಿಕೊಂಡು ಬಂದವರಿಗೆ ಒಂದು ಗಂಟೆ ಕಾಯಲು ಜಗಲಿಯಲ್ಲಿ ಬೆಂಚು ಹಾಕಿಸಲಾಗಿದೆ.